ಔಷಧ ‘ಕ’ದ ಅಡ್ಡ ಪರಿಣಾಮಗಳು

ಬ್ರೇಕ್ ಮೇಷ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಕಾರು ಓಡುತ್ತಿರುವಾಗ ಅವರ ಬಾಯಿಂದ ಏನು ಬರುತ್ತದೆ ಎಂಬುದಕ್ಕೆ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಅವರದೊಂದು ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಮನೆಯ ಮುಂದಿನ ಕೋಣೆ, ಅದರಲ್ಲೊಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ನಿಂತ ಒಂದು ಹಳೆಯ ಬಿಳಿ ಕಾರು. ಕಲಿಯುವವರ ಕಾಲಡಿ ಒಂದು ಬ್ರೇಕು. ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಡಿ ತಂತಿ ಎಳೆದು ಹಾಕಿಸಿದ ಇನ್ನೊಂದು ಬ್ರೇಕು. ಈ ಎರಡನೆಯದರಿಂದಲೇ ಅವರಿಗೆ ಆ ಹೆಸರು ಬಂದದ್ದು. ಹೆತ್ತವರು ಇಟ್ಟ ಹೆಸರು ಸ್ವಲ್ಪ ಯೋಚಿಸಿದರೆ ಅವರಿಗೂ ನೆನಪಾಗುತ್ತದೆ.

ಹೊಸಬರು ಸ್ಟೀರಿಂಗ್ ಹಿಡಿಯುವುದು ಬಾವಿಗೆ ಬಿದ್ದವರು ಹಗ್ಗ ಹಿಡಿದ ಹಾಗೆ. ಅವರ ಕಿವಿಗೆ ಏನಾದರೂ ಕೆಲಸ ಕೊಟ್ಟರೆ ಕೈ ತಾನಾಗಿ ಸಡಿಲವಾಗುತ್ತದೆ ಎಂಬುದು ಮೇಷ್ಟ್ರ ಜೀವಮಾನದ ಸಂಶೋಧನೆ. ಹಾಗಾಗಿ ಕಾರು ಹೊರಟಿತೆಂದರೆ ಅವರು ಏನಾದರೊಂದು ಸುದ್ದಿ ಹೇಳುತ್ತಲೇ ಇರಬೇಕು. ಸುದ್ದಿ ಇಲ್ಲದ ದಿನ ಅಂಗಡಿಗಳ ಬೋರ್ಡನ್ನೇ ಓದಿ ಅದರ ಮೇಲೆ ಅಭಿಪ್ರಾಯ ಕೊಡುತ್ತಾರೆ. ನಡುನಡುವೆ ಗಂಭೀರವಾಗಿ ‘ಹೂಂ. ಸರಿ. ಮುಂದೆ’ ಎನ್ನುತ್ತಾರೆ. ಈ ಮೂರು ಮಾತಿನಿಂದ ಎಷ್ಟೋ ಮಂದಿ ಲೈಸೆನ್ಸ್ ಪಡೆದಿದ್ದಾರೆ.

ಇಂಥ ಮೇಷ್ಟ್ರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಸ್ಟಾಂಪು ಮಾರುತ್ತಿದ್ದರು. ಬಡ್ತಿ ಪರೀಕ್ಷೆಯಲ್ಲಿ ಪಾಸಾದರೆ ಒಂದು ಸಣ್ಣ ಅಂಚೆ ಕಚೇರಿಗೆ ಅವರೇ ಯಜಮಾನಿ. ಫೇಲಾದರೆ ನಿವೃತ್ತಿಯವರೆಗೆ ಅದೇ ಕಿಟಕಿ, ಅದೇ ಅಂಟಿನ ಡಬ್ಬಿ. ಎರಡು ಸಲ ಬರೆದಾಗಿತ್ತು. ಎರಡು ಸಲವೂ ಉಳಿದೆಲ್ಲದರಲ್ಲಿ ಒಳ್ಳೆಯ ಅಂಕ ತೆಗೆದು ತಾರ್ಕಿಕ ಸಾಮರ್ಥ್ಯ ಎಂಬ ಭಾಗದಲ್ಲಿ ಮಕಾಡೆ ಮಲಗಿದ್ದರು. ಇದು ಮೂರನೆಯ ಸಲ. ನಿಯಮದ ಪ್ರಕಾರ ನಾಲ್ಕನೆಯದು ಇಲ್ಲ. ಬರುವ ಭಾನುವಾರ ಪರೀಕ್ಷೆ.

ಆದ್ದರಿಂದ ದಿನವೂ ಸಂಜೆ ಮೇಷ್ಟ್ರು ಹೆಂಡತಿಯ ಪಕ್ಕದಲ್ಲಿ ಕೂರುತ್ತಿದ್ದರು. ಆಕೆ ಪ್ರಶ್ನೆಯ ಹಾಳೆಗಳನ್ನು ಹಿಡಿದು ಓದಿ ಉತ್ತರ ಹೇಳುವುದು, ಉತ್ತರದ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡ ಮೇಷ್ಟ್ರು ಅದರ ಮೇಲೆ ಬೆರಳು ಓಡಿಸಿ, “ಹೂಂ. ಸರಿ. ಮುಂದೆ” ಎನ್ನುವುದು. ಒಮ್ಮೊಮ್ಮೆ, ಬೇಸರ ಬಂದಾಗ, “ಉಹೂಂ. ಇನ್ನೊಂದು ಸಲ ಯೋಚನೆ ಮಾಡು” ಎನ್ನುವುದೂ ಉಂಟು.

“ನೀವು ಪಕ್ಕದಲ್ಲಿ ಕೂತರೆ ಏನೋ ಧೈರ್ಯ ಕಣ್ರೀ” ಎನ್ನುತ್ತಿದ್ದರು ಹೆಂಡತಿ. ಮೇಷ್ಟ್ರ ಎದೆ ಎರಡು ಅಂಗುಲ ಉಬ್ಬುತ್ತಿತ್ತು.

ಆ ಸೋಮವಾರದ ಸಂಜೆ ಬಂದ ಪ್ರಶ್ನೆ ಹೀಗಿತ್ತು: ‘ಔಷಧ ಕ ಎಂಬುದನ್ನು ಮಂಡಿನೋವಿದ್ದ ನೂರು ಮಂದಿಗೆ ಕೊಡಲಾಯಿತು. ಎಂಬತ್ತು ಮಂದಿಗೆ ನೋವು ಹೋಯಿತು. ಆದರೆ ಹನ್ನೆರಡು ಮಂದಿಗೆ ನಾಲಿಗೆಯ ರುಚಿ ಹೋಗುವುದು, ಹಗಲು ನಿದ್ದೆ, ಮಾತು ಕಡಿಮೆಯಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಂಡವು. ಆದ್ದರಿಂದ ಈ ಔಷಧವನ್ನು ನಿಷೇಧಿಸಬೇಕು. ಈ ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಈ ವಾದ ಬಿದ್ದುಹೋಗುತ್ತದೆ?’

“ಅ, ಔಷಧಿ ಅಗ್ಗ. ಆ, ಮಂಡಿನೋವು ತುಂಬ ಜನಕ್ಕಿದೆ. ಇ, ಔಷಧಿ ಅಂತ ಹೇಳಿ ಬರೀ ಸಕ್ಕರೆ ಗುಳಿಗೆ ಕೊಟ್ಟ ಬೇರೆ ನೂರು ಮಂದಿಯಲ್ಲೂ ಹನ್ನೆರಡು ಮಂದಿಗೆ ಅದೇ ತೊಂದರೆ ಬಂತು. ಈ, ಔಷಧಿ ಕಂಪನಿ ಹಳೇದು.” ಹೆಂಡತಿ ಪೆನ್ನು ಕಚ್ಚಿದರು. “ಆ ಇರಬೇಕು ಅಲ್ವಾ?”

“ಹೂಂ. ಸರಿ. ಮುಂದೆ.”

ಆದರೆ ಆಕೆಗೆ ಯಾಕೋ ಅನುಮಾನ. ಪುಸ್ತಕ ಕಸಿದುಕೊಂಡು ನೋಡಿದರು. “ರೀ! ಇ ಅಂತ ಇದೆ ಇಲ್ಲಿ!”

ಮೇಷ್ಟ್ರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಸಾವರಿಸಿಕೊಂಡು, “ಅಚ್ಚಿನ ತಪ್ಪು” ಎಂದರು.

“ನನಗೂ ಹಾಗೇ ಅನ್ನಿಸ್ತು. ಸಕ್ಕರೆ ತಿಂದರೆ ಯಾರಿಗಾದರೂ ನಾಲಿಗೆ ರುಚಿ ಹೋಗುತ್ತಾ? ಮಾತು ನಿಲ್ಲುತ್ತಾ? ಪುಸ್ತಕ ಬರೆಯೋರಿಗೆ ಬುದ್ಧಿ ಬೇಡ್ವಾ?”

ಗಂಡ ಹೆಂಡತಿ ಇಬ್ಬರೂ ಸೇರಿ ಪುಸ್ತಕ ಬರೆದವರಿಗೆ ಛೀಮಾರಿ ಹಾಕಿ ಊಟಕ್ಕೆ ಎದ್ದರು. ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಬೆಳಗ್ಗೆ ಸ್ಟೀರಿಂಗ್ ಹಿಡಿದು ಕೂತವರು ಬೀದಿಯ ಮೂಲೆಯ ಔಷಧಿ ಅಂಗಡಿಯವರು. ಅಂಗಡಿಯಲ್ಲಿ ಇವರಿಗೊಂದು ಪ್ರತಿಷ್ಠೆ ಇತ್ತು. ಗಿರಾಕಿ ಏನು ಕೇಳಿದರೂ ‘ಇಲ್ಲ’, ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದಿಲ್ಲ. ‘ನಾಳೆ ಬರುತ್ತೆ’ ಎಂದೇ ಹೇಳುವರು. ಕಾರಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಎದುರಿಗೆ ನೀರಿನ ಟ್ಯಾಂಕರ್ ಕಂಡದ್ದೇ ಮುಖ ಸುಣ್ಣದಂತಾಯಿತು.

“ಮೇಷ್ಟ್ರೇ, ಟ್ಯಾಂಕರ್!”

“ಅದರ ಪಾಡಿಗೆ ಅದು ಬರುತ್ತೆ, ನಿಮ್ಮ ಪಾಡಿಗೆ ನೀವು ಹೋಗಿ. ಅಂದ ಹಾಗೆ…” ಮೇಷ್ಟ್ರು ಸುದ್ದಿಗಾಗಿ ತಲೆಯೊಳಗೆ ತಡಕಾಡಿದರು. ಕೈಗೆ ಸಿಕ್ಕಿದ್ದು ನಿನ್ನೆಯದು. “ಮಂಡಿನೋವಿಗೆ ಹೊಸ ಔಷಧಿ ಬಂದಿದೆಯಂತಲ್ಲ? ನೂರರಲ್ಲಿ ಎಂಬತ್ತು ಜನಕ್ಕೆ ಗುಣವಂತೆ?”

ಔಷಧಿಯ ಮಾತು ಕೇಳಿದ್ದೇ ಅಂಗಡಿಯವರ ಬೆನ್ನು ನೆಟ್ಟಗಾಯಿತು. “ಯಾವುದು ಹೇಳ್ತಿದ್ದೀರಿ?”

“ಅದೇ, ಕ.”

“ಕ… ಅಂದ್ರೆ?”

“ಹೆಸರೇ ಕ. ನಿಮಗೆ ಗೊತ್ತಿಲ್ವಾ?”

“ಗೊತ್ತಿಲ್ದೆ ಏನು! ಕ ತಾನೆ? ನಾಳೆ ಬರುತ್ತೆ ನಮ್ಮಲ್ಲಿ.”

ಟ್ಯಾಂಕರು ಪಕ್ಕದಲ್ಲೇ ಗುಡುಗುತ್ತ ದಾಟಿಹೋಯಿತು. ಅಂಗಡಿಯವರ ಗಮನಕ್ಕೇ ಬರಲಿಲ್ಲ. ಪಾಠ ಯಶಸ್ವಿಯಾಯಿತೆಂದು ಮೇಷ್ಟ್ರು ಸಂತೋಷಪಟ್ಟು, ಅದೇ ಸುದ್ದಿಯನ್ನು ಅಡ್ಡ ಪರಿಣಾಮಗಳ ಸಮೇತ ಮುಂದಿನ ಪಾಠಕ್ಕೂ ಉಪಯೋಗಿಸಿದರು.

ಮುಂದಿನ ಪಾಠ ಎದುರುಮನೆಯ ಟೈಲರಮ್ಮನದು. ಅವರ ಗಂಡ ಬ್ಯಾಂಕಿನ ಕಾವಲುಗಾರ. ದಿನವಿಡೀ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, ಆ ಮಾತನ್ನೆಲ್ಲ ಮನೆಗೆ ತಂದು ಸುರಿಯುತ್ತಿದ್ದ ಮನುಷ್ಯ.

“ಏನಂದ್ರಿ? ಮಾತು ಕಡಿಮೆ ಆಗುತ್ತಾ?” ಟೈಲರಮ್ಮ ರಸ್ತೆಯ ಮಧ್ಯದಲ್ಲಿ ಕಾರು ನಿಲ್ಲಿಸಿಯೇಬಿಟ್ಟರು. ಹಿಂದಿನಿಂದ ಹಾರ್ನ್‌ಗಳು ಕೂಗಿಕೊಂಡವು. “ಮೇಷ್ಟ್ರೇ, ನಮ್ಮವರಿಗೆ ಮಂಡಿನೋವಿಲ್ಲ. ಬರಿಸೋಕೆ ಏನು ಮಾಡಬೇಕು?”

“ಎಲ್ಲರಿಗೂ ಹಾಗಾಗಲ್ಲಮ್ಮ. ನೂರಕ್ಕೆ ಹನ್ನೆರಡು.”

“ನಮ್ಮವರು ಆ ಹನ್ನೆರಡರಲ್ಲೇ ಬರೋದು, ಬಿಡಿ. ಲಾಟರಿ ಒಂದು ಬಿಟ್ಟು ಎಲ್ಲದರಲ್ಲೂ ಬರ್ತಾರೆ.”

ಬೀದಿ ಎಂಬುದು ವಿಚಿತ್ರ. ಒಳ್ಳೆಯ ಔಷಧಿ ಬಂದಿದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದರಿಂದ ಇಂಥಿಂಥ ಅನಾಹುತವಾಗುತ್ತದೆ ಎಂದರೆ ಚೀಲ ಹಿಡಿದು ಓಡಿ ಬರುತ್ತದೆ. ಬುಧವಾರ ಬೆಳಗಾಗುವಷ್ಟರಲ್ಲಿ ಔಷಧಿ ಅಂಗಡಿಯ ಮುಂದೆ ಸಾಲು. ಮಂಡಿನೋವು ಇದ್ದವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಸೊಸೆಯ ಅಡುಗೆ ತಿನ್ನಲಾರದೆ ನಾಲಿಗೆಯ ರುಚಿ ಹೋದರೆ ಸಾಕೆಂದು ಬಂದವರಿದ್ದರು, ನಿದ್ದೆ ಬಾರದವರಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಬಾಯಿ ಮುಚ್ಚದವರನ್ನು ಕಟ್ಟಿಕೊಂಡವರಿದ್ದರು. ಅಂಗಡಿಯವರು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರಂತೆ ಒಳಗೂ ಹೊರಗೂ ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಪುಟ್ಟ ಪೊಟ್ಟಣಗಳನ್ನು ಹೊರತೆಗೆದರು. ಮೇಲೆ ನೀಲಿ ಶಾಯಿಯಲ್ಲಿ ‘ಕ’.

ಗುರುವಾರ ಟೈಲರಮ್ಮನ ಪಾಠ ನಡೆಯುತ್ತಿದ್ದಾಗ ಮೇಷ್ಟ್ರಿಗೆ ಮೊದಲ ಆಘಾತ ಕಾದಿತ್ತು.

“ನಿಮ್ಮ ಭಾವನೋರು ಮೆಟ್ಟಿಲನ್ನ ಎರಡೆರಡೇ ಹಾರಿ ಇಳೀತಿದ್ರು, ಕಣ್ಣಾರೆ ನೋಡಿದೆ” ಎಂದರು ಟೈಲರಮ್ಮ. “ಕ ತಗೊಂಡ್ರಂತೆ. ಮಂಡಿ ಹೂವಿನ ಹಾಗಿದೆಯಂತೆ.”

ಮೇಷ್ಟ್ರ ಕಾಲು ತನ್ನಷ್ಟಕ್ಕೆ ಬ್ರೇಕನ್ನು ತುಳಿಯಿತು. ಎಂಥ ತುಳಿತವೆಂದರೆ ಕಾರು ಗಕ್ಕನೆ ನಿಂತು, ಟೈಲರಮ್ಮನ ಕನ್ನಡಕ ಗಾಜಿಗೆ ಹಾರಿ, ಕೆಳಗೆಲ್ಲೋ ‘ಟಪ್’ ಎಂದು ಸದ್ದಾಯಿತು. ಆ ಗಾಬರಿಯಲ್ಲಿ ಸದ್ದನ್ನು ಯಾರು ಕೇಳುತ್ತಾರೆ?

“ಏನು ತಗೊಂಡ್ರು?”

“ಕ! ನೀವೇ ಹೇಳಿದ್ರಲ್ಲ!”

“ಅದು… ಅದು ಸಿಗೋದಿಲ್ಲವಲ್ಲಮ್ಮ!”

“ಯಾಕೆ ಸಿಗಲ್ಲ? ನಮ್ಮನೇಲೂ ತಂದಿದ್ದೀನಿ.”

ಮೇಷ್ಟ್ರು ಪಾಠ ಅರ್ಧಕ್ಕೇ ನಿಲ್ಲಿಸಿ, ಕಾರನ್ನು ಮನೆ ಮುಂದೆ ಬಿಟ್ಟು, ಒಳಗೋಡಿದರು. ಆ ಕಾರು ಭಾನುವಾರದವರೆಗೆ ಅಲ್ಲಿಂದ ಅಲ್ಲಾಡಲಿಲ್ಲ.

ಭಾವ ಎಂದರೆ ಹೆಂಡತಿಯ ಅಣ್ಣ. ಮಹಡಿಯ ಕೋಣೆಯಲ್ಲಿ ವಾಸ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳ ಆಗಮನವನ್ನು ಸಾರುತ್ತಿದ್ದವರು. ನಿವೃತ್ತರಾದ ಮೇಲೆ ತಮ್ಮ ಆಗಮನವನ್ನೇ ಸಾರುತ್ತಿದ್ದರು.

“ದಯವಿಟ್ಟು ಗಮನಿಸಿ!” ಎಂದರು ಮೆಟ್ಟಿಲಿನಿಂದ. “ಮಂಡಿನೋವು ನಿರ್ಗಮಿಸಿದೆ! ಮೇಷ್ಟ್ರೇ, ಎಂಥ ಔಷಧಿ ಹುಡುಕಿಕೊಟ್ರಿ ರೀ! ನಿಮ್ಮ ಬಗ್ಗೆ ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದ ಅಭಿಪ್ರಾಯ ಬದಲಾಯಿಸಿಕೊಳ್ತಿದ್ದೀನಿ.”

ಮೇಷ್ಟ್ರು ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. “ಪ್ರಶ್ನೆಯಲ್ಲಿದ್ದ ಔಷಧಿ ಅಂಗಡೀಲಿ ಸಿಗ್ತಿದೆ!”

“ಪ್ರಶ್ನೆಯಲ್ಲಿರೋದು ಎಲ್ಲಾದರೂ ಅಂಗಡೀಲಿ ಸಿಗುತ್ತೇನ್ರೀ?”

“ಯಾಕೆ? ಪ್ರಶ್ನೇಲಿ ಎರಡು ರೈಲು ಎದುರುಬದುರು ಬರುತ್ತೆ. ರೈಲು ಇಲ್ವಾ? ನಿಮ್ಮಣ್ಣ ಇಷ್ಟು ವರ್ಷ ಕೂಗಿದ್ದು ಏನನ್ನ?”

ಹೆಂಡತಿಗೆ ಇದೂ ಸರಿಯೆಂದೇ ಕಂಡಿತು. ತಾರ್ಕಿಕ ಸಾಮರ್ಥ್ಯದಲ್ಲಿ ಎರಡು ಸಲ ಫೇಲಾದದ್ದು ಸುಮ್ಮನೆ ಅಲ್ಲ ಎನ್ನಿಸಿ ಆಕೆಗೆ ಕಣ್ಣಲ್ಲಿ ನೀರೇ ಬಂತು. “ನನಗಿನ್ನು ಮೂರು ದಿನ ಇರೋದು ರೀ. ದಮ್ಮಯ್ಯ, ಈ ಕ ವಿಷಯ ನನ್ನ ತಲೆಗೆ ಹಾಕಬೇಡಿ.”

ಆದರೆ ಅಷ್ಟರಲ್ಲಿ ಭಾವನವರು ಊಟಕ್ಕೆ ಕೂತಿದ್ದರು. “ಅಡ್ಡ ಪರಿಣಾಮ ಏನೂ ಇಲ್ಲವಲ್ಲ ಇದಕ್ಕೆ?” ಎಂದು ಕೇಳಿದರು. ಮೇಷ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ, ಕಾರೂ ನಿಂತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ನಾಲಿಗೆ, ನಿದ್ದೆ, ಮಾತು.

ಭಾವ ತುತ್ತನ್ನು ಬಾಯಲ್ಲೇ ಹಿಡಿದು ನಿಶ್ಚಲರಾದರು. ನಿಧಾನವಾಗಿ ಅಗಿದರು. “ಉಪ್ಪು ಹಾಕಿದ್ದೀಯೇನೇ?” ಎಂದು ತಂಗಿಯನ್ನು ಕೇಳಿದರು.

“ಹಾಕಿದ್ದೀನಣ್ಣ.”

“ಗೊತ್ತಾಗ್ತಿಲ್ಲ” ಎಂದರು ಭಾವ. ಅವರ ಧ್ವನಿ ಆಗಲೇ ಅರ್ಧಕ್ಕೆ ಇಳಿದಿತ್ತು.

ಶುಕ್ರವಾರ ಬೀದಿಗೆ ಬೀದಿಯೇ ಗರ ಬಡಿದಂತಾಯಿತು. ಟೈಲರಮ್ಮ ಗಂಡನಿಗೆ ಕೊಡುವ ಮೊದಲು ಗುಳಿಗೆ ಹೇಗಿದೆ ನೋಡೋಣವೆಂದು ಅರ್ಧ ಚೀಪಿದ್ದರು. ನಿಂಬೆಹಣ್ಣು ಕಚ್ಚಿದರೂ ಹುಳಿಯಾಗುತ್ತಿಲ್ಲವೆಂದು ಬಾಗಿಲಲ್ಲಿ ನಿಂತು ಹೋಗಿಬರುವವರಿಗೆಲ್ಲ ನಾಲಿಗೆ ತೋರಿಸುತ್ತಿದ್ದರು. ಅವರ ಗಂಡ ಬ್ಯಾಂಕಿನ ಬಾಗಿಲಲ್ಲಿ ನಿಂತಲ್ಲೇ ನಿದ್ದೆಹೋಗಿ, ಒಳಗೆ ಬರುತ್ತಿದ್ದ ಮ್ಯಾನೇಜರ ಹೆಗಲ ಮೇಲೆ ಒರಗಿ ಗೊರಕೆ ಹೊಡೆದನು. “ನಾನಲ್ಲ ಸ್ವಾಮಿ, ಔಷಧಿ!” ಎಂದು ಅವನು ಎದ್ದು ಹೇಳಿದ್ದನ್ನು ಮ್ಯಾನೇಜರು ಒಪ್ಪಲಿಲ್ಲ. ಮನೆಗೆ ಕಳಿಸಿದರು. ಮನೆಗೆ ಬಂದವನು ಒಂದು ಮಾತೂ ಆಡದೆ ಗೋಡೆ ನೋಡುತ್ತ ಕೂತ. ಟೈಲರಮ್ಮ ಮೊದಲ ಒಂದು ಗಂಟೆ ಸುಖಪಟ್ಟರು. ಎರಡನೆಯ ಗಂಟೆಗೆ ಎದೆ ಹೊಡೆದುಕೊಂಡು ಮೇಷ್ಟ್ರ ಮನೆಗೆ ಓಡಿಬಂದರು.

“ಏನು ಮಾಡಿದ್ರಿ ನಮ್ಮವರಿಗೆ? ಒಂದು ಮಾತಾಡ್ತಿಲ್ಲ! ನಾನು ಬೈದ್ರೂ ತಿರುಗಿ ಬೈತಿಲ್ಲ!”

ಶನಿವಾರದ ಹೊತ್ತಿಗೆ ನಾಲಿಗೆ ಹೊರಹಾಕಿಕೊಂಡವರು, ಆಕಳಿಸುವವರು, ಮೂಕರಾದವರ ಕಡೆಯವರು ಎಲ್ಲರೂ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ತುಂಬಿಕೊಂಡರು. ಒಳಗಿನ ಕೋಣೆಯಲ್ಲಿ ಹೆಂಡತಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ‘ಎಲ್ಲ ಕಾಗೆಗಳೂ ಕಪ್ಪು’ ಎಂದು ಶುರುವಾಗುವ ಪ್ರಶ್ನೆಯನ್ನು ಎಂಟನೆಯ ಸಲ ಓದುತ್ತಿದ್ದರು. ಮೇಷ್ಟ್ರು ಔಷಧಿ ಅಂಗಡಿಗೆ ಓಡಿದರೆ ಅಲ್ಲಿ ಬಾಗಿಲು ಹಾಕಿತ್ತು. ‘ನಾಳೆ ಬರುತ್ತೆ’ ಎಂಬ ಬೋರ್ಡು ಮಾತ್ರ ತೂಗುತ್ತಿತ್ತು.

ಭಾನುವಾರ ಬೆಳಗ್ಗೆ ಹೆಂಡತಿ ಪೆನ್ನು, ನೀರಿನ ಬಾಟಲಿ ಹಿಡಿದು ಹೊರಗೆ ಬಂದಾಗ ಮೆಟ್ಟಿಲ ಮೇಲೆ ಭಾವ ಕೂತಿದ್ದರು. ಬಾಯಿ ತೆರೆದರು, ಮುಚ್ಚಿದರು. ಸದ್ದಿಲ್ಲ. ಒಂದು ಕಾಲದಲ್ಲಿ ನಾಲ್ಕು ಪ್ಲಾಟ್‌ಫಾರ್ಮುಗಳನ್ನು ನಡುಗಿಸಿದ ಧ್ವನಿ ಪೂರ್ತಿ ನಿಂತುಹೋಗಿತ್ತು.

“ಅಣ್ಣಾ!” ಎಂದು ಚೀರಿದರು ತಂಗಿ. ಪೆನ್ನು ಕೆಳಗೆ ಬಿತ್ತು.

ಅದೇ ಗಳಿಗೆಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಗೇಟು ತಳ್ಳಿಕೊಂಡು ಬಂದರು. ಕಾವಲುಗಾರನ ಕಡೆಯಿಂದ ದೂರು ಹೋಗಿತ್ತು. “ಅಪ್ಪಣೆಯಿಲ್ಲದ ಔಷಧಿ ಹರಡಿದವರು ಯಾರು?” ಎಂದು ಗುಡುಗಿ, ಭಾವನವರನ್ನು ಕಂಡು ಬೆಚ್ಚಿಬಿದ್ದರು. “ಅಯ್ಯೋ! ಇವರನ್ನ ಈಗಿಂದೀಗಲೇ ಆಸ್ಪತ್ರೆಗೆ ಸಾಗಿಸಿ!” ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಿ ಕೇಳಿದರು: “ಪೂರ್ತಿ ಮಾತು ನಿಲ್ಲುತ್ತಾ? ನಮ್ಮ ಸಾಹೇಬರು ಚಹಾ ಕುಡೀತಾರೆ. ಅದರಲ್ಲಿ ಕರಗುತ್ತಾ?”

ಈಗ ಮೇಷ್ಟ್ರ ಪಾಡು ಯಾರಿಗೂ ಬೇಡ. ಆಸ್ಪತ್ರೆ ಊರಿನ ಈ ಕೊನೆ. ಪರೀಕ್ಷಾ ಕೇಂದ್ರ ಆ ಕೊನೆ. ಬಾಗಿಲು ಮುಚ್ಚುವುದು ಹತ್ತು ಗಂಟೆಗೆ. ಅತ್ತ ಭಾವನ ನಾಲಿಗೆ, ಇತ್ತ ಹೆಂಡತಿಯ ಕೊನೆಯ ಅವಕಾಶ. ಯಾವ ಆಯ್ಕೆ ಸರಿ, ಅ ಯೋ ಆ ಯೋ ಹೇಳುವ ಪುಸ್ತಕವಿಲ್ಲ. ಹೆಂಡತಿ ಅಳುತ್ತ, “ಆಸ್ಪತ್ರೆಗೇ ಹೋಗೋಣ ರೀ. ಸ್ಟಾಂಪು ಮಾರಿಕೊಂಡೇ ಇರ್ತೀನಿ” ಎಂದರು. ಮೂಕರಾದ ಭಾವ ಎರಡೂ ಕೈ ಆಡಿಸಿ, ಮೊದಲು ಪರೀಕ್ಷೆ, ಮೊದಲು ಪರೀಕ್ಷೆ ಎಂದು ಸನ್ನೆ ಮಾಡಿದರು. ತಂಗಿಯ ಮೇಲೆ ಅವರಿಗೆ ಅಷ್ಟು ಪ್ರೀತಿ ಇತ್ತೆಂದು ಬಾಯಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಮೇಷ್ಟ್ರು ಕಾರಿನ ಹಿಂಬಾಗಿಲು ತೆರೆದರು.

“ಎಲ್ಲರೂ ಹತ್ತಿ!” ಎಂದರು.

ಹಿಂದಿನ ಸೀಟಿಗೆ ಹೆಂಡತಿ, ಭಾವ, ಸಾಕ್ಷಿಗೆಂದು ಇನ್ಸ್‌ಪೆಕ್ಟರು ನುಗ್ಗಿದರು. ಮೇಷ್ಟ್ರು ಓಡಿಬಂದು ಕೂತು ಬಾಗಿಲು ಎಳೆದುಕೊಂಡರು. ಎಲ್ಲರೂ ಕಾದರು. ಕಾರು ಹೊರಡಲಿಲ್ಲ.

“ಯಾಕ್ರೀ?” ಎಂದರು ಹೆಂಡತಿ.

ಮೇಷ್ಟ್ರು ಕೂತಿದ್ದದ್ದು ಪಕ್ಕದ ಸೀಟಿನಲ್ಲಿ. ಇಷ್ಟು ವರ್ಷದ ಅಭ್ಯಾಸ, ಕಾಲು ತಾನಾಗಿ ಅಲ್ಲಿಗೇ ಕರೆದುಕೊಂಡು ಹೋಗಿತ್ತು. ಸ್ಟೀರಿಂಗಿನ ಹಿಂದೆ ಯಾರೂ ಇರಲಿಲ್ಲ. ಅವರು ಇಳಿಯಬೇಕೆನ್ನುವಷ್ಟರಲ್ಲಿ ಬೀದಿಯ ತುದಿಯಿಂದ ಔಷಧಿ ಅಂಗಡಿಯವರು ಓಡಿಬಂದರು. ಹಿಂದೆ ಟೈಲರಮ್ಮ, ಕೈಯಲ್ಲಿ ದೊಡ್ಡ ಕತ್ತರಿ. ಅಂಗಡಿಯವರು ಕಾರಿನಲ್ಲಿ ಖಾಲಿಯಿದ್ದ ಒಂದೇ ಒಂದು ಸೀಟಿಗೆ ಹಾರಿ, ಕೀಲಿ ತಿರುಗಿಸಿ, ಜೀವಮಾನದಲ್ಲೇ ಮೊದಲ ಸಲ ಜರ್ಕ್ ಇಲ್ಲದೆ ಕಾರು ಹೊರಡಿಸಿದರು.

“ಮೇಷ್ಟ್ರೇ, ನಿಮ್ಮ ಬ್ರೇಕ್ ಮೇಲೆ ಕಾಲಿಟ್ಟಿದ್ದೀರಿ ತಾನೆ?”

“ಹೂಂ. ಸರಿ. ಮುಂದೆ” ಎನ್ನುತ್ತ ಮೇಷ್ಟ್ರು ಪೆಡಲು ಒತ್ತಿ ನೋಡಿದರು. ಅದು ಕೆಸರಿನಲ್ಲಿ ಕಾಲಿಟ್ಟ ಹಾಗೆ ಸುಮ್ಮನೆ ಒಳಗೆ ಹೋಯಿತು. ಗುರುವಾರದ ‘ಟಪ್’ ಏನೆಂದು ಅವರಿಗೆ ಆಗ ಹೊಳೆಯಿತು. ತಂತಿ ಕಿತ್ತುಹೋಗಿತ್ತು.

ಹೇಳಿದರೆ ಅಂಗಡಿಯವರು ಅಲ್ಲೇ ಸ್ಟೀರಿಂಗ್ ಬಿಡುತ್ತಾರೆ. ನಿಲ್ಲಿಸಿದರೆ ಕತ್ತರಿ ಹಿಂದೆ ಬರುತ್ತಿದೆ, ಗಂಟೆ ಒಂಬತ್ತೂಮುಕ್ಕಾಲು. ಮೇಷ್ಟ್ರು ಬೆವರು ಒರೆಸಿಕೊಂಡು, “ಸರಿ. ಎಡಕ್ಕೆ. ಹೂಂ. ಮುಂದೆ” ಎಂದರು. ಅಂಗಡಿಯವರು ಲಾರಿ ದಾಟಿದರು, ಬಸ್ಸಿಗೆ ದಾರಿ ಬಿಟ್ಟರು, ವೃತ್ತವನ್ನು ಅಚ್ಚುಕಟ್ಟಾಗಿ ಸುತ್ತಿದರು.

“ಏನು ಕೊಟ್ರಿ ರೀ ಜನಕ್ಕೆ?” ಎಂದು ಹಿಂದಿನಿಂದ ಇನ್ಸ್‌ಪೆಕ್ಟರು ಗದರಿದರು. “ನಿಜ ಹೇಳಿ. ಏನಿತ್ತು ಆ ಪೊಟ್ಟಣದಲ್ಲಿ?”

ಅಂಗಡಿಯವರ ಕಣ್ಣು ರಸ್ತೆಯ ಮೇಲೇ ಇತ್ತು. “ಸಕ್ಕರೆ ಸಾರ್.”

“ಏನು?”

“ಬರೀ ಸಕ್ಕರೆ ಗುಳಿಗೆ. ಚುಚ್ಚುಮದ್ದಿಗೆ ಬಂದ ಮಕ್ಕಳು ಅತ್ತರೆ ಸುಮ್ಮನಾಗಲಿ ಅಂತ ಇಟ್ಟಿರ್ತೀನಿ. ಕ ಅನ್ನೋದು ನನಗೆ ಗೊತ್ತೇ ಇಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಾಲಿಗೆ ಬರಲಿಲ್ಲ.”

ಹೆಂಡತಿ ಸೀಟಿನಲ್ಲೇ ನೆಗೆದರು.

“ಇ!”

“ಏನಾಯ್ತು? ಏನಾಯ್ತು ಇವರಿಗೆ?” ಇನ್ಸ್‌ಪೆಕ್ಟರು ಬಾಗಿಲಿಗೆ ಅಂಟಿಕೊಂಡರು. “ಇದು ನಾಲ್ಕನೇ ಪರಿಣಾಮನಾ?”

“ಇ ರೀ! ಇ! ಸಕ್ಕರೆ ತಿಂದವರಿಗೂ ಅದೇ ತೊಂದರೆ ಬಂತು! ಅಂದ್ರೆ ತೊಂದರೆ ಔಷಧೀದಲ್ಲ, ಹೆದರಿಕೇದು! ಅದು ಅಚ್ಚಿನ ತಪ್ಪಲ್ಲ ರೀ! ಅಣ್ಣ, ನೀನು ತಿಂದಿದ್ದು ಸಕ್ಕರೆ!”

ಭಾವ ಕಣ್ಣು ಅಗಲಿಸಿದರು. ಕತ್ತು ಉಬ್ಬಿತು. ಮುಖ ಕೆಂಪಾಯಿತು. ನಂತರ ಹೊರಟಿತು ನೋಡಿ ಆ ಧ್ವನಿ. ಕಾರಿನ ಗಾಜುಗಳೆಲ್ಲ ಗದಗುಟ್ಟಿದವು.

“ದಯವಿಟ್ಟು ಗಮನಿಸಿ! ಈ ಅಂಗಡಿಯವನನ್ನ ನಾನು ಸುಮ್ಮನೆ ಬಿಡೋದಿಲ್ಲ!” ಎಂದು ಕೂಗಿ, ಮರುಕ್ಷಣವೇ ಮಂಡಿ ಹಿಡಿದುಕೊಂಡು ನರಳಿದರು. “ಅಯ್ಯಯ್ಯೋ, ನನ್ನ ಮಂಡಿ!”

ನೋವು ತನ್ನ ಪ್ಲಾಟ್‌ಫಾರ್ಮಿಗೆ ಮರಳಿ ಬಂದು ನಿಂತಿತ್ತು. ಆಸ್ಪತ್ರೆಯ ಅಗತ್ಯ ಬೀಳಲಿಲ್ಲ. ಕಾರು ಪರೀಕ್ಷಾ ಕೇಂದ್ರದ ಮುಂದೆ ನಿಂತಾಗ ಬಾಗಿಲು ಇನ್ನೂ ತೆರೆದಿತ್ತು. ಹೆಂಡತಿ ಇಳಿದು ಎರಡು ಹೆಜ್ಜೆ ಓಡಿ, ಹಿಂತಿರುಗಿ ಗಂಡನ ಮುಖ ನೋಡಿದರು. ಮೇಷ್ಟ್ರು ಕಿಟಕಿಯಿಂದ ಕತ್ತು ಹೊರಹಾಕಿ, “ಹೂಂ. ಸರಿ. ಮುಂದೆ” ಎಂದರು. ಆಕೆ ಒಳಗೆ ಹೋದರು.

ಅಂಗಡಿಯವರು ನಿಟ್ಟುಸಿರು ಬಿಟ್ಟು ನಕ್ಕರು. “ಹೇಗಿತ್ತು ಮೇಷ್ಟ್ರೇ ನನ್ನ ಡ್ರೈವಿಂಗು? ಎಷ್ಟು ಸಲ ಬ್ರೇಕ್ ಹಾಕಿದ್ರಿ ನೀವು?”

“ಒಂದು ಸಲವೂ ಇಲ್ಲ. ನನ್ನ ಬ್ರೇಕಿಗೆ ತಂತಿನೇ ಇಲ್ಲ. ಗುರುವಾರವೇ ಕಿತ್ತುಹೋಗಿದೆ.”

ಅಂಗಡಿಯವರ ನಗು ಅಲ್ಲೇ ಹೆಪ್ಪುಗಟ್ಟಿತು. ನಿಂತ ಕಾರಿನ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಗಡಗಡ ನಡುಗತೊಡಗಿದರು. ಎಷ್ಟು ಹೇಳಿದರೂ ಬಿಡಲಿಲ್ಲ. ಇನ್ಸ್‌ಪೆಕ್ಟರು ಒಂದೊಂದೇ ಬೆರಳು ಬಿಡಿಸುತ್ತ, “ಈಗ ಯಾವ ಭಯ ರೀ? ಕಾರು ನಿಂತಾಯ್ತಲ್ಲ!” ಎಂದು ಗದರಿದರು. ಭಾವ ಅಂಗಡಿಯವರದೇ ಕಿಸೆಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದು, ಎರಡು ಗುಳಿಗೆ ಅವರ ಬಾಯಿಗೆ ಹಾಕಿದರು. ಅಂಗಡಿಯವರು ಚೀಪಿದರು. ನಡುಕ ನಿಂತಿತು.

“ಇನ್ನೊಂದೆರಡು ಕೊಡಿ” ಎಂದರು.

ಆ ದಿನದ ಪ್ರಶ್ನೆಪತ್ರಿಕೆಯಲ್ಲಿ ಬಂದದ್ದು ಔಷಧ ‘ಗ’. ಬೆನ್ನುನೋವಿನದು, ಕಿವಿಯಲ್ಲಿ ಗುಂಯ್‌ಗುಡುವುದು ಅದರ ಅಡ್ಡ ಪರಿಣಾಮ. ಸಕ್ಕರೆ ಗುಳಿಗೆ ಈ ಸಲ ಅ ದಲ್ಲಿ ಕೂತಿತ್ತು. ಆಕೆ ಅದಕ್ಕೆ ಗುರುತು ಹಾಕುವಾಗ ಪೆನ್ನನ್ನು ಹಾಳೆ ಹರಿಯುವಷ್ಟು ಒತ್ತಿದರಂತೆ.

ಫಲಿತಾಂಶ ಬಂದದ್ದು ಮುಂದಿನ ತಿಂಗಳು. ಎಷ್ಟು ಬೇಕೋ ಅಷ್ಟೇ ಅಂಕ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಭಾವ ಮಹಡಿಯಿಂದ ಇಡೀ ಬೀದಿಗೆ ಸಾರಿದರು. ಟೈಲರಮ್ಮ ಸಿಹಿ ತಂದರು. ಹಿಂದೆಯೇ ಅವರ ಗಂಡ, ಮರಳಿ ಸಿಕ್ಕ ಕೆಲಸದ ಕಥೆಯನ್ನು ಮೊದಲಿಂದ ಹೇಳುತ್ತ ಬಂದ. ನಿಂಬೆಹಣ್ಣು ಈಗ ಹುಳಿಯಾಗಿದೆಯೆಂದು ಟೈಲರಮ್ಮ ಎಲ್ಲರಿಗೂ ತಿಳಿಸಿದರು.

ಎಲ್ಲರೂ ಹೋದ ಮೇಲೆ ಹೆಂಡತಿ ಮೇಷ್ಟ್ರ ಪಕ್ಕದಲ್ಲಿ ಬಂದು ಕೂತರು. ಕಣ್ಣು ಒದ್ದೆಯಾಗಿತ್ತು.

“ನಿಜ ಹೇಳ್ತೀನಿ ರೀ. ದಿನಾ ನೀವು ಪಕ್ಕದಲ್ಲಿ ಕೂತು ಒಂದೊಂದು ಉತ್ತರಾನೂ ನೋಡಿ ಸರಿ ಅಂತಿದ್ರಲ್ಲ, ಅದರಿಂದಲೇ ನನಗೆ ಧೈರ್ಯ ಬಂದಿದ್ದು. ಅಲ್ಲಿ ಒಳಗೆ ಕೂತಾಗಲೂ ಕಿವೀಲಿ ಅದೇ ಕೇಳ್ತಿತ್ತು.”

ಮೇಷ್ಟ್ರು ಕಾಲ್ಬೆರಳಿನಿಂದ ನೆಲ ಕೆರೆದರು. ಕಾರು ಓಡುತ್ತಿರಲಿಲ್ಲ. ಸುಳ್ಳು ಹೇಳುವ ಹಾಗಿರಲಿಲ್ಲ.

“ಆ ಪುಸ್ತಕದ ಅಕ್ಷರ ಬಹಳ ಸಣ್ಣ.”

“ಅಂದ್ರೆ?”

“ದೂರದ ಬೋರ್ಡು ಎಲ್ಲ ಕಾಣುತ್ತೆ. ಹತ್ತಿರದ್ದು… ಎರಡು ವರ್ಷದಿಂದ ಇರುವೆ ಸಾಲಿನ ಹಾಗೆ ಕಾಣುತ್ತೆ.”

ಹೆಂಡತಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಬಾಯಿ ತೆರೆಯಿತು. ಭಾವನಿಗೆ ಆದದ್ದೇ ಈಗ ಆಕೆಗೂ ಆಯಿತೆಂದು ಮೇಷ್ಟ್ರು ಬೆಚ್ಚಿದರು.

“ಹಾಗಾದ್ರೆ ಒಂದೂ ನೋಡಿಲ್ಲ? ಒಂದೂ?”

“ಒಂದೂ ಇಲ್ಲ.”

“ಅಯ್ಯೋ ದೇವರೇ! ನಿಮ್ಮ ಬ್ರೇಕಿಗೆ ತಂತಿನೇ ಇರಲಿಲ್ವಲ್ಲ ರೀ!”

“ನಾಳೆಯೇ ಹೋಗಿ ಕನ್ನಡಕ ಮಾಡಿಸ್ಕೊಂಡು ಬರ್ತೀನಿ” ಎಂದರು ಮೇಷ್ಟ್ರು, ಅಪರಾಧಿಯ ಧ್ವನಿಯಲ್ಲಿ.

ಹೆಂಡತಿ ಲೋಟ ಕೆಳಗಿಟ್ಟು, ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಇನ್ನು ಮೂರು ವರ್ಷಕ್ಕೆ ಇದಕ್ಕಿಂತ ಮೇಲಿನ ಪರೀಕ್ಷೆ ಇದೆ. ಅದು ಮುಗಿಯೋವರೆಗೂ ಬೇಡ” ಎಂದರು.